ಅಜ್ಜಿಯ ಗೇಣಿನಷ್ಟು ದೂರ

2022. ಕೋವಿಡ್‌ನಿಂದ ಮುಚ್ಚಿದ್ದ ಶಾಲೆಗಳು ಮತ್ತೆ ಮೊದಲಿನಂತೆ ನಡೆಯತೊಡಗಿದ್ದ ವರ್ಷ. ನಾನಾಗ ಕೋಲಾರದ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯಲ್ಲಿ ಹಿರಿಯ ಆಪ್ಟೊಮೆಟ್ರಿಸ್ಟ್ ಆಗಿದ್ದೆ. ನಾನು ಆಪರೇಷನ್ ಮಾಡುವ ಡಾಕ್ಟರ್ ಅಲ್ಲ. ಕಣ್ಣು ಅಳೆದು, ಕನ್ನಡಕದ ನಂಬರ್ ಬರೆದು, ಅನುಮಾನ ಬಂದವರನ್ನು ಡಾಕ್ಟರ ಬಳಿ ಕಳಿಸುವವಳು. ಸೋಮವಾರ ಮಾಲೂರು, ಬುಧವಾರ ಮುಳಬಾಗಿಲು, ಶುಕ್ರವಾರ ಶ್ರೀನಿವಾಸಪುರ, ಉಳಿದ ದಿನ ಕೋಲಾರ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ನಮ್ಮ ವ್ಯಾನಿನ ಡ್ರೈವರ್ ನನ್ನನ್ನು ನೋಡಿದ ಕೂಡಲೇ ಎಂಜಿನ್ ಶುರು ಮಾಡುತ್ತಿದ್ದ, ಬೈಸಿಕೊಳ್ಳುವುದು ಬೇಡ ಅಂತ.

ಆ ವರ್ಷ ಶಾಲಾ ತಪಾಸಣೆಗೆ ಹೋದಲ್ಲೆಲ್ಲ ಮೈನಸ್ ನಂಬರಿನ ಮಕ್ಕಳು ಸಿಗುತ್ತಿದ್ದರು. ದೂರದ್ದು ಮಸುಕಾಗಿ, ಹತ್ತಿರದ್ದು ಸ್ಪಷ್ಟವಾಗಿ ಕಾಣುವುದಕ್ಕೆ ಮಯೋಪಿಯಾ ಎನ್ನುತ್ತೇವೆ. ಬಹಳಷ್ಟು ಮಕ್ಕಳಲ್ಲಿ ಇದು ಬರುವುದು ಕಣ್ಣಿನ ಗುಡ್ಡೆ ಹಿಂದಕ್ಕೆ ಉದ್ದವಾಗುತ್ತ ಹೋಗುವುದರಿಂದ. ಕನ್ನಡಕ ಹಾಕಿದರೆ ಬೋರ್ಡು ಕಾಣುತ್ತದೆ ನಿಜ, ಆದರೆ ಗುಡ್ಡೆ ಉದ್ದವಾಗುವುದು ಅಷ್ಟಕ್ಕೇ ನಿಲ್ಲುವುದಿಲ್ಲ. ಉದ್ದವಾದಷ್ಟೂ ಒಳಗಿನ ರೆಟಿನಾ ಎಂಬ ಪರದೆ ಎಳೆದು ತೆಳುವಾಗುತ್ತದೆ. ನಂಬರ್ ತೀರಾ ಹೆಚ್ಚಾದವರಲ್ಲಿ ಕೆಲವರಿಗೆ ಆ ಪರದೆ ಮುಂದೊಂದು ದಿನ ಹರಿದು ಕಳಚಿಕೊಳ್ಳಬಹುದು. ಒಮ್ಮೆ ಉದ್ದವಾದದ್ದನ್ನು ಗಿಡ್ಡ ಮಾಡುವ ಔಷಧಿ ಇಲ್ಲ. ಬೆಳೆಯುವ ವಯಸ್ಸಿನಲ್ಲಿ ಅದರ ಓಟವನ್ನು ನಿಧಾನ ಮಾಡುವುದೊಂದೇ ನಮ್ಮ ಕೈಲಿರುವುದು.

ಲಿಖಿತಾ ಸಿಕ್ಕಿದ್ದು ಸುಗಟೂರಿನ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ಎಂಟು ವರ್ಷ, ಮೂರನೇ ಕ್ಲಾಸು. ಮೊದಲ ಬೆಂಚಿನಲ್ಲಿ ಕೂತರೂ ಬೋರ್ಡು ಕಾಣದೆ ಪಕ್ಕದವಳ ನೋಟ್‌ಬುಕ್ ನೋಡಿ ಬರೆಯುತ್ತಿದ್ದಳು, ಅದಕ್ಕೆ ಮೇಷ್ಟರ ಕೈಲಿ ಕಾಪಿ ಹೊಡೆಯುವವಳು ಅನ್ನಿಸಿಕೊಂಡಿದ್ದಳು. ನಂಬರ್ ಎರಡೂ ಕಣ್ಣಿಗೆ ಮೈನಸ್ ಎರಡೂಕಾಲು. ಮುಂದಿನ ವಾರ ಅವಳನ್ನು ಕೋಲಾರಕ್ಕೆ ಕರೆತಂದದ್ದು ಅಪ್ಪ ನಾರಾಯಣಸ್ವಾಮಿ. ಮೊದಲು ನಾನು ನೋಡಿದ್ದು ಅವರ ಕಣ್ಣನ್ನು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ, ಬಲಗಣ್ಣಿಗೆ ಮೈನಸ್ ಹನ್ನೊಂದು. ಎಡಗಣ್ಣಿನ ರೆಟಿನಾ ಮೂವತ್ತೆರಡನೇ ವಯಸ್ಸಿಗೇ ಕಳಚಿಕೊಂಡು ಆ ಕಣ್ಣಿನ ನೋಟ ಪೂರ್ತಿ ಹೋಗಿತ್ತು. ಪರದೆ ಕಳಚಿದಾಗ ಹೊಗೆ ಮುಸುಕಿದ ಹಾಗೆ ಕಂಡಿತಂತೆ, ಧೂಳು ಬಿದ್ದಿರಬೇಕು ಅಂದುಕೊಂಡು ಎರಡು ವಾರ ನೀರು ಹಾಕಿ ತೊಳೆದಿದ್ದರಂತೆ.

ಅವರು ಮಗಳನ್ನು ಹೊರಗೆ ಕೂರಿಸಿ ಬಂದು ನನ್ನೆದುರು ನಿಂತರು.

"ಮೇಡಂ, ಇವಳಿಗೂ ನನ್ ಥರಾನೇ ಆಗ್ತದಾ?"

"ಆಗದಂಗೆ ನೋಡ್ಕೊಳ್ಳೋಣ. ನಾನು ಬಿಡಲ್ಲ," ಅಂದೆ. ಹಾಗೆ ಮಾತು ಕೊಡಬಾರದು ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದವಳೂ ನಾನೇ.

ಕನ್ನಡಕ ಕೊಟ್ಟೆ. ಸ್ನಾನ, ನಿದ್ದೆ ಬಿಟ್ಟರೆ ತೆಗೆಯಲೇಬಾರದು ಎಂದು ಹೇಳಿದೆ. ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಇರಬೇಕು, ಮೊಬೈಲ್ ಮುಟ್ಟಬಾರದು ಎಂದೂ ಗದರಿಸಿದೆ. ಆ ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅದು ಲಿಖಿತಾಳ ಅಮ್ಮ ಶೋಭಾಳದ್ದು. ಶೋಭಾ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುವವಳು. ಕಂಪನಿ ಬಸ್ಸಿನಲ್ಲಿ ಅವಳ ಜೊತೆ ಫೋನೂ ಹೋಗಿಬಿಡುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಮೊಬೈಲ್ ಬೈಯುವುದು ಸುಲಭ, ಎಲ್ಲರಿಗೂ ಒಂದೇ ಬೈಗುಳ ಸಾಕಾಗುತ್ತದೆ.

ಒಂದು ವರ್ಷದ ನಂತರ ನಂಬರ್ ಮೈನಸ್ ಮೂರೂವರೆ. ಗುಡ್ಡೆಯ ಉದ್ದ ಅಳೆಯುವ ಯಂತ್ರದಲ್ಲಿ ನೋಡಿದರೆ ಅರ್ಧ ಮಿಲಿಮೀಟರ್ ಬೆಳೆದಿತ್ತು. ಅರ್ಧ ಮಿಲಿಮೀಟರ್ ಅಂದರೆ ಎಷ್ಟು ಮಹಾ ಅನ್ನಿಸಬಹುದು. ಕಣ್ಣಿನ ಲೆಕ್ಕದಲ್ಲಿ ಅದು ದೊಡ್ಡ ಓಟ. ನಮ್ಮ ಡಾಕ್ಟರು ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಬರೆದರು. ಮಲಗುವ ಮುಂಚೆ ಎರಡೂ ಕಣ್ಣಿಗೆ ಒಂದೊಂದು ಹನಿ, ದಿನ ತಪ್ಪದೆ, ಎರಡು ಮೂರು ವರ್ಷ. ಕೆಲವು ಮಕ್ಕಳಿಗೆ ಬೆಳಕು ಸ್ವಲ್ಪ ಚುಚ್ಚುತ್ತದೆ, ಹತ್ತಿರದ್ದು ಸ್ವಲ್ಪ ಮಸುಕಾಗುತ್ತದೆ. ಶೋಭಾ ಕೇಳಿದಾಗ "ಏನೂ ಆಗಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಹೊರಗೆ ನಲವತ್ತು ಜನ ಕಾಯುತ್ತಿದ್ದರು.

ಹನಿ ಸರಿಯಾಗಿ ಹಾಕುತ್ತಾರೋ ಇಲ್ಲವೋ ಎಂದು ನೋಡಲು ನಾನೊಂದು ಉಪಾಯ ಮಾಡಿಕೊಂಡಿದ್ದೆ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಬಾಟಲಿಯ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದು ಕೊಡುತ್ತಿದ್ದೆ. ತಿಂಗಳಾದ ಮೇಲೆ ಹಳೆಯ ಬಾಟಲಿ ವಾಪಸ್ ತರಬೇಕು, ಔಷಧಿ ಆ ಗೆರೆಗೆ ಇಳಿದಿರಬೇಕು, ಆಗ ಮಾತ್ರ ಹೊಸದು. ಉಳಿದ ಮಕ್ಕಳ ಬಾಟಲಿ ಒಂದೊಂದು ಸಲ ಮೇಲೆ, ಒಂದೊಂದು ಸಲ ತಳ ಕಂಡಿರುತ್ತಿತ್ತು. ಲಿಖಿತಾಳದ್ದು ಮಾತ್ರ ತಿಂಗಳು ತಿಂಗಳೂ ಗೆರೆಗೆ ಸರಿಯಾಗಿ ಇಳಿದಿರುತ್ತಿತ್ತು. ಅಮ್ಮನಿಗೆ ಶಿಫ್ಟು ಬದಲಾಗುತ್ತದೆ ಎಂದು ಮೊದಲ ತಿಂಗಳ ನಂತರ ತಾನೇ ಹಾಕಿಕೊಳ್ಳುತ್ತಿದ್ದಳಂತೆ. "ನೋಡಿ, ಒಂಬತ್ತು ವರ್ಷದ ಹುಡುಗಿ! ನೀವೂ ಇದ್ದೀರಿ," ಎಂದು ಮಾಲೂರಿನಲ್ಲಿ, ಮುಳಬಾಗಿಲಿನಲ್ಲಿ ಆ ಬಾಟಲಿ ತೋರಿಸಿ ತಂದೆ ತಾಯಂದಿರ ಮಾನ ಕಳೆದೆ.

ಆರು ತಿಂಗಳಿಗೆ ನಂಬರ್ ಮೈನಸ್ ನಾಲ್ಕೂಕಾಲು.

ಓಟ ಕಡಿಮೆಯಾಗುವುದಿರಲಿ, ಇನ್ನೂ ಜೋರಾಗಿತ್ತು. ನಾನು ಎರಡು ಸಲ ಅಳೆದೆ. ಯಂತ್ರ ಕೆಟ್ಟಿರಬೇಕೆಂದು ನನ್ನ ಕಣ್ಣನ್ನೇ ಇಟ್ಟು ಪರೀಕ್ಷಿಸಿದೆ. ಯಂತ್ರ ನೆಟ್ಟಗಿತ್ತು. ಕೆಲವು ಮಕ್ಕಳಿಗೆ ಈ ಪ್ರಮಾಣ ಸಾಲುವುದಿಲ್ಲ, ಅದು ಗೊತ್ತಿರುವ ವಿಷಯವೇ. ಡಾಕ್ಟರು ಐದು ಪಟ್ಟು ಗಟ್ಟಿಯಾದ ಹನಿ ಬರೆದರು. ಅದು ನಮ್ಮಲ್ಲಿ ಮುಗಿದಿತ್ತು, ತರಿಸಬೇಕಿತ್ತು. ತರಿಸಿದ ಮೇಲೆ ಲಿಖಿತಾಳ ಮನೆಯವರು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಆ ಹದಿನೈದು ದಿನ ಊಟಕ್ಕೆ ಕೂತರೂ ಆ ಅಪ್ಪನ ಎಡಗಣ್ಣೇ ನೆನಪಾಗುತ್ತಿತ್ತು. ಒಂದು ಶುಕ್ರವಾರ ಶ್ರೀನಿವಾಸಪುರದಿಂದ ಮರಳುವಾಗ ವ್ಯಾನನ್ನು ಅವರ ಹಳ್ಳಿಗೆ ತಿರುಗಿಸಿದೆ. ಹೊಸ ಬಾಟಲಿ ಬ್ಯಾಗಿನಲ್ಲಿತ್ತು.

ಅವರದು ರೇಷ್ಮೆ ಸಾಕುವ ಮನೆ. ಮನೆಯ ಪಕ್ಕದಲ್ಲೇ ಹುಳದ ಮನೆ, ಶೀಟು ಹೊದಿಸಿದ ಉದ್ದನೆಯ ಕೋಣೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಹರಡಿತ್ತು. ನಾನು ದಾಪುಗಾಲು ಹಾಕಿ ಹೋಗುತ್ತಿದ್ದರೆ ಅಜ್ಜಿ ಮುನಿಯಮ್ಮ ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ನಿಲ್ಲಮ್ಮಾ ನಿಲ್ಲು! ಮಲ್ಲಿಗೆ ಹೂವ ಮುಡ್ಕೊಂಡು, ಸೆಂಟ್ ಹೊಡ್ಕೊಂಡು ಒಳಕ್ಕೆ ಬರಂಗಿಲ್ಲ. ಹುಳ ನಾಲ್ಕನೇ ಜ್ವರ ಎದ್ದವೆ."

ಹುಳ ಪೊರೆ ಬಿಡುವ ಸಮಯಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದಾದ ಮೇಲೆ ಹುಳ ಹಗಲೂ ರಾತ್ರಿ ಸೊಪ್ಪು ತಿಂದು ಗೂಡು ಕಟ್ಟುತ್ತದೆ. ನನ್ನ ಮೈಮೇಲಿದ್ದದ್ದು ಸೆಂಟಲ್ಲ, ಸ್ಯಾನಿಟೈಸರ್. ಹೇಳಿದರೆ ಅಜ್ಜಿ ಕೇಳಬೇಕಲ್ಲ. ಹೂವು ತೆಗೆದಿಟ್ಟು, ಕೈ ಕಾಲು ತೊಳೆದ ಮೇಲೆ ಬಾಗಿಲವರೆಗೆ ಬಿಟ್ಟರು. ನಾರಾಯಣಸ್ವಾಮಿ ಅಲ್ಲೇ ಕಟ್ಟೆಯ ಮೇಲೆ ಕೂತು ಸೊಪ್ಪಿನ ಕಂತೆ ಬಿಚ್ಚುತ್ತಿದ್ದರು.

ಒಳಗೆ ಮಬ್ಬು ಬೆಳಕು. ಅಂಕಣ ಅಂಕಣವಾಗಿ ಭಾಗ ಮಾಡಿದ ಸ್ಟ್ಯಾಂಡಿನ ಅಂತಸ್ತುಗಳ ಮೇಲೆ ಸೊಪ್ಪಿನ ಕಡ್ಡಿ, ಅದರ ಮೇಲೆ ಸಾವಿರಾರು ಹುಳ. ಲಿಖಿತಾ ಸ್ಟೂಲಿನ ಮೇಲೆ ಹತ್ತಿ, ಮೂಗು ಸೊಪ್ಪಿಗೆ ತಾಗುವಷ್ಟು ಬಗ್ಗಿ, ಒಂದೊಂದೇ ಹುಳ ಆರಿಸಿ ಡಬ್ಬಿಗೆ ಹಾಕುತ್ತಿದ್ದಳು. ಕನ್ನಡಕ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

"ಏನ್ ಆರಿಸ್ತಿದ್ದಾಳೆ?" ಎಂದು ಕೇಳಿದೆ.

ಅಜ್ಜಿಯ ಮುಖ ಅರಳಿತು. "ಹಾಲುತೊಂಡೆ ರೋಗ ಬಂದಿರೋ ಹುಳ. ಮೈಯೊಳಗೆಲ್ಲ ಹಾಲಾಗ್ತದೆ. ಒಂದು ಒಡೆದ್ರೆ ಇಡೀ ಅಂಕಣ ಹೋಯ್ತು. ನಮ್ ಕಣ್ಣಿಗೆ ಕಾಣೋ ಹೊತ್ಗೆ ಮುಗಿದಿರ್ತದೆ. ಇವಳಿಗೆ ಒಂದಿನ ಮುಂಚೇನೇ ಕಾಣ್ತದೆ. ಬಲೇ ಚುರುಕು ಕಣ್ಣು ಕಣಮ್ಮಾ ನಮ್ ಹುಡುಗೀದು! ಇವರಪ್ಪಂದೂ ಹಂಗೇ ಇತ್ತು. ಕಣ್ಣು ಹೋದ್ಮೇಲೆ ಆ ಕೆಲಸ ಇವಳ್ದೇ."

ಮೈನಸ್ ಕಣ್ಣಿಗೆ ದೂರದ್ದು ಕಾಣುವುದಿಲ್ಲ, ಆದರೆ ಕನ್ನಡಕ ತೆಗೆದರೆ ಹತ್ತಿರದ್ದು ನಮ್ಮೆಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ. ಹುಳದ ಚರ್ಮ ಉಬ್ಬುವುದು, ಮಿನುಗುವುದು, ಎಲ್ಲ ಅವಳಿಗೆ ಭೂತಗನ್ನಡಿ ಹಿಡಿದಂತೆ. ನಾನು ರೋಗ ಎಂದು ಬರೆದುಕೊಂಡದ್ದನ್ನು ಈ ಮನೆಯವರು ಎರಡು ತಲೆಮಾರಿನಿಂದ ಚುರುಕು ಎಂದು ಹೊಗಳುತ್ತಿದ್ದರು.

ಆಗ ನಾನು ನಂಬರ್ ಏರಿದ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಅವಳನ್ನು ಹೊರಗೆ ಕರೆದು ಜೇಬಿನ ಟಾರ್ಚು ಕಣ್ಣಿಗೆ ಬಿಟ್ಟೆ. ಅಟ್ರೋಪಿನ್ ದಿನಾ ಬೀಳುವ ಕಣ್ಣಿನ ಪಾಪೆ ಸ್ವಲ್ಪ ಅಗಲವಾಗಿ, ಬೆಳಕಿಗೆ ಮಂದವಾಗಿ ಕುಗ್ಗಬೇಕು. ಲಿಖಿತಾಳದ್ದು ಸಾಸಿವೆ ಕಾಳಿನಷ್ಟಕ್ಕೆ ಕುಗ್ಗಿತು.

"ಹನಿ ಯಾವಾಗಿಂದ ಹಾಕ್ಕೊಂಡಿಲ್ಲ?"

ತಲೆ ತಗ್ಗಿಸಿದಳು. ನಾನು ಗದರಿದೆ. ಬಾಟಲಿ ಹೇಗೆ ಗೆರೆಗೆ ಇಳಿಯಿತು, ಸುಳ್ಳು ಹೇಳಬೇಡ, ಇನ್ನೂ ಏನೇನೋ. ಅಜ್ಜಿ ಮಧ್ಯೆ ಬಂದರು. ಹುಳಕ್ಕೆ ಆಗಿಬರುವುದಿಲ್ಲ ಎಂದು ನೀವೇ ಔಷಧಿ ಬಿಡಿಸಿದ್ದೀರಿ ತಾನೇ ಎಂದು ಅವರ ಮೇಲೂ ಹರಿಹಾಯ್ದೆ.

"ಅಜ್ಜಿ ಅಲ್ಲ ಮೇಡಂ," ಎಂದಳು ಲಿಖಿತಾ. "ನಾನೇ. ದಿನಾ ಎರಡು ಹನಿ ಕರಿಬೇವಿನ ಗಿಡದ ಬುಡಕ್ಕೆ ಹಾಕ್ತಿದ್ದೆ. ಹುಳದ ಮನೆ ಹತ್ರ ಹಾಕಿಲ್ಲ, ದೇವರಾಣೆ."

ದಿನಾ ಎರಡೇ ಹನಿ, ತಪ್ಪದೆ. ಅದಕ್ಕೇ ಗೆರೆಗೆ ಸರಿಯಾಗಿ ಇಳಿಯುತ್ತಿತ್ತು. ಕಣ್ಣಿಗೆ ಹಾಕುವ ಮಕ್ಕಳು ರೆಪ್ಪೆ ಮಿಟುಕಿಸುತ್ತಾರೆ, ಅರ್ಧ ಕೆನ್ನೆ ಮೇಲೆ ಹೋಗುತ್ತದೆ, ಇನ್ನೆರಡು ಹನಿ ಹಾಕಬೇಕಾಗುತ್ತದೆ. ಯಾರ ಬಾಟಲಿಯೂ ಅಷ್ಟು ಕರಾರುವಾಕ್ಕಾಗಿ ಇಳಿಯುವುದಿಲ್ಲ. ಇಪ್ಪತ್ತಾರು ವರ್ಷದ ಅನುಭವದವಳಿಗೆ ಅದು ಹೊಳೆಯಬೇಕಿತ್ತು. ನಾನು ಆ ಬಾಟಲಿಯನ್ನು ಊರೂರಿಗೆ ತೋರಿಸಿಕೊಂಡು ತಿರುಗಿದ್ದೆ.

ಕಾರಣ ಅವಳ ಬಾಯಿಂದ ಸ್ವಲ್ಪ ಸ್ವಲ್ಪವಾಗಿ ಬಂತು. ಮೊದಲ ತಿಂಗಳು ಅಮ್ಮ ಹನಿ ಹಾಕಿದಾಗ ಹುಳ ನಾಲ್ಕನೇ ಜ್ವರ ಎದ್ದಿದ್ದವು. ನಾನು ತೆಗೆಯಬಾರದು ಎಂದಿದ್ದ ಕನ್ನಡಕ ಹಾಕಿಕೊಂಡೇ ಅವಳು ಆರಿಸಲು ಹೋಗಿದ್ದಳು. ಹತ್ತಿರದ್ದೆಲ್ಲ ಮಸುಕು. ಎರಡು ದಿನ ರೋಗದ ಹುಳ ಒಂದೂ ಕಾಣಲಿಲ್ಲ. ಮೂರನೆಯ ದಿನ ಒಂದು ಅಂಕಣ ಪೂರ್ತಿ ಹಾಲಾಗಿ ಒಡೆದಿತ್ತು, ಅಷ್ಟನ್ನೂ ಗುಂಡಿ ತೋಡಿ ಹೂತರು. "ಯಾಕಮ್ಮಾ, ಕಾಣ್ಲಿಲ್ವಾ?" ಎಂದು ಅಪ್ಪ ಕೇಳಿದ್ದರಂತೆ, ಬೈಯಲಿಲ್ಲವಂತೆ.

"ಸ್ಕೂಲಲ್ಲಿ ನಂಗೆ ಏನೂ ಬರಲ್ಲ ಮೇಡಂ," ಎಂದಳು. "ಇಲ್ಲಿ ಮಾತ್ರ ಎಲ್ಲಾರ್ಗಿಂತ ಮುಂಚೆ ನಂಗೇ ಕಾಣೋದು. ನಂದೂ ಕಾಣದೆ ಹೋದ್ರೆ ಅಪ್ಪ ಏನ್ ಮಾಡ್ತಾರೆ?"

ನಾರಾಯಣಸ್ವಾಮಿಯವರ ಕೈಯಲ್ಲಿದ್ದ ಸೊಪ್ಪಿನ ಕಂತೆ ಹಾಗೇ ಉಳಿದಿತ್ತು. ಆಮೇಲೆ ಅವರು ತಮ್ಮ ಅಮ್ಮ ಮುನಿಯಮ್ಮನ ಕಡೆ ನೋಡದೆ ಹೇಳಿದರು:

"ನಂಗೂ ಹಿಂಗೇ ಅಂತಿದ್ರು ಮೇಡಂ. ಚುರುಕು ಕಣ್ಣು, ಚುರುಕು ಕಣ್ಣು ಅಂತ. ಕಣ್ಣು ಹೋಗೋ ದಿನದ ತನಕ ಅಂತಾನೇ ಇದ್ರು."

ಮುನಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯೋ ದೇವುಡಾ," ಎಂದರು, ಅಷ್ಟೇ. ನನಗೂ ಅಳು ಬಂತು. ನನ್ನ ಮೇಲೇ ಸಿಟ್ಟೂ ಬಂತು. ಗಟ್ಟಿ ಹನಿಯ ಬಾಟಲಿ ಇನ್ನೂ ಬ್ಯಾಗಿನಲ್ಲೇ ಇತ್ತು. ಮಗುವನ್ನು ಒಂದು ಮಾತು ಕೇಳದೆ ಅದನ್ನು ಕೊಟ್ಟು ಹೋಗಲು ಬಂದಿದ್ದೆ ನಾನು.

ಸುಧಾರಿಸಿಕೊಂಡು ಲೆಕ್ಕ ಹಾಕಿದೆ. ಮೈನಸ್ ನಾಲ್ಕೂಕಾಲು ಇರುವ ಕಣ್ಣಿಗೆ ಕನ್ನಡಕ ಇಲ್ಲದೆ ಸುಮಾರು ಇಪ್ಪತ್ಮೂರು ಸೆಂಟಿಮೀಟರ್ ದೂರದಲ್ಲಿರುವುದು ತಾನಾಗಿ ಸ್ಪಷ್ಟ ಕಾಣುತ್ತದೆ. ಅದಕ್ಕೆ ಕಣ್ಣು ಒಳಗೆ ಏನೂ ಕಷ್ಟಪಡಬೇಕಿಲ್ಲ. ಅಟ್ರೋಪಿನ್ ಮಂದ ಮಾಡುವುದು ಆ ಕಷ್ಟಪಡುವ ಶಕ್ತಿಯನ್ನು. ಅಂದರೆ ಹನಿ ಹಾಕಿದ್ದರೂ, ಕನ್ನಡಕ ತೆಗೆದು ಆ ದೂರದಲ್ಲೇ ಹಿಡಿದರೆ ಹುಳ ಕಾಣಲೇಬೇಕು. ಮೂಗು ತಾಗಿಸಿದರೆ ಮಾತ್ರ ಮಸುಕು. ಕೆಟ್ಟದ್ದು ಮಾಡಿದ್ದು ಹನಿಯೊಂದೇ ಅಲ್ಲ, ಕನ್ನಡಕ ತೆಗೆಯಲೇಬೇಡ ಎಂಬ ನನ್ನ ಹಟವೂ ಸೇರಿತ್ತು. ಬ್ಯಾಗಿನಲ್ಲಿದ್ದ ಸ್ಕೇಲಿನಿಂದ ಮುನಿಯಮ್ಮನ ಗೇಣು ಅಳೆದೆ. ದೊಡ್ಡ ಕೈ, ಸರಿಯಾಗಿ ಇಪ್ಪತ್ಮೂರು.

"ಹುಳ ನೋಡುವಾಗ ಕನ್ನಡಕ ತೆಗಿ. ಆದರೆ ಅಜ್ಜಿಯ ಒಂದು ಗೇಣು ದೂರ ಇರಬೇಕು. ನಿನ್ನ ಗೇಣಲ್ಲ, ಅಜ್ಜಿ ಗೇಣು. ಅದಕ್ಕಿಂತ ಹತ್ತಿರ ಹೋಗಬೇಡ. ಒಳಗೆ ಒಂದು ಒಳ್ಳೆಯ ದೀಪ ಹಾಕಿಸಿ."

"ಆಗ ಕಾಣ್ದೆ ಹೋದ್ರೆ?"

ಕಾಣದೆ ಹೋದರೆ ಹನಿಯ ಕಥೆ ಅಲ್ಲಿಗೆ ಮುಗಿಯಿತು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹೊಸ ಬಾಟಲಿಯನ್ನು ತೆಗೆಯದೆ ವಾಪಸ್ ಒಯ್ದೆ. ಹಳೆಯ ಹನಿಯನ್ನೇ ನಿಜವಾಗಿ ಹಾಕಿ ನೋಡೋಣ ಎಂದು ಡಾಕ್ಟರೂ ಒಪ್ಪಿದರು.

ಮುಂದಿನ ಬೆಳೆಗೆ ಮರಿಹುಳ ಬಂದ ದಿನದಿಂದ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮಾಲೂರಿನಲ್ಲಿ ಲಕ್ಕೂರಿನಿಂದ ಬಂದ ಮುದುಕರೊಬ್ಬರಿಗೆ ಕನ್ನಡಕದ ನಂಬರ್ ಬರೆಯುವಲ್ಲಿ "ಮೂರನೇ ಜ್ವರ" ಎಂದು ಬರೆದು ಹೊಡೆದುಹಾಕಿದೆ. ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದೆ. ಒಂದು ದಿನ ಮುನಿಯಮ್ಮನಿಗೆ ರೇಗಿತು.

"ಏನಮ್ಮಾ, ಹುಳ ಸಾಕ್ತಿರೋದು ನಾವೋ ನೀವೋ? ಏನಾದ್ರೂ ಆದ್ರೆ ನಾವೇ ಹೇಳ್ತೀವಿ, ಫೋನ್ ಇಕ್ಕಮ್ಮ!"

ನಾಲ್ಕನೇ ಜ್ವರ ಎದ್ದ ಎರಡನೆಯ ದಿನ ಮುಳಬಾಗಿಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಡಬ್ಬಿ ತೆರೆದಿದ್ದೆ. ಶೋಭಾಳ ನಂಬರಿನಿಂದ ಫೋನ್ ಬಂತು. ಆ ಕಡೆ ಲಿಖಿತಾ. ಶಾಲೆಗೆ ಅಂದು ರಜೆ.

"ಮೇಡಂ, ಐದು ಸಿಕ್ಕಿದ್ವು! ಮೂರನೇ ಅಂಕಣದಲ್ಲಿ. ಅಜ್ಜಿಗೆ ಒಂದೂ ಕಾಣ್ಲಿಲ್ಲ."

"ಹನಿ?"

"ಹಾಕ್ಕೊಂಡೇ ಇದ್ದೀನಿ. ಅಮ್ಮನೇ ಹಾಕ್ತಾರೆ, ರಾತ್ರಿ ಶಿಫ್ಟಿದ್ರೆ ಹೋಗೋಕ್ ಮುಂಚೆ. ಅಳತೆಗೆ ಬೆಂಡಿನ ಕಡ್ಡಿ ಮುರ್ದಿಟ್ಕೊಂಡಿದ್ದೀನಿ, ಅಜ್ಜಿ ಗೇಣಿನಷ್ಟುದ್ದ."

ಊಟ ಆರಿ ಹೋಯಿತು, ಅದು ಬೇರೆ ಮಾತು. ಆ ಬೆಳೆ ಉಳಿಯಿತು.

ಉಳಿದದ್ದು ಎರಡು ಗಂಟೆಯ ಬೆಳಕು. ಅದನ್ನು ಅಜ್ಜಿಯೇ ತೀರ್ಮಾನಿಸಿದರು. ಹುಳದ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಅವಳು ಇರಕೂಡದು. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆಯಿಂದ ಬಂದ ಮೇಲೆ ಅಜ್ಜಿಯ ಜೊತೆ ಹಿಪ್ಪುನೇರಳೆ ತೋಟಕ್ಕೆ. ಸೊಪ್ಪು ಕೊಯ್ಯುವುದು ದೊಡ್ಡವರು. ಕನ್ನಡಕ ಹಾಕಿಕೊಂಡು ಬದುವಿನ ಮೇಲೆ ಓಡಾಡಿ ಯಾವ ಸಾಲು ಹಳದಿಗೆ ತಿರುಗಿದೆ, ಯಾವುದು ಕೊಯ್ಲಿಗೆ ಬಂದಿದೆ ಎಂದು ಕೂಗಿ ಹೇಳುವುದು ಅವಳ ಪಾಲು. ಮಗುವಿಗೆ ಒಂದು ಕೆಲಸ ಬಿಡಿಸಿ ಇನ್ನೊಂದು ಕೆಲಸ ಹಚ್ಚಿದೆನೇ ಎಂದು ನನಗೆ ಕಸಿವಿಸಿಯಾಗಿತ್ತು. ಆದರೆ ಆಟ ಆಡಿಕೋ ಎಂದು ನಾನು ಬರೆದುಕೊಟ್ಟ ಚೀಟಿ ಒಂದೂವರೆ ವರ್ಷದಲ್ಲಿ ಅವಳನ್ನು ಒಂದು ದಿನವೂ ಬಿಸಿಲಿಗೆ ಎಳೆದಿರಲಿಲ್ಲ.

ಮುಂದಿನ ಒಂದು ವರ್ಷದಲ್ಲಿ ನಂಬರ್ ಮೈನಸ್ ನಾಲ್ಕೂವರೆಗೆ ನಿಂತಿತು. ಹೆಚ್ಚಿದ್ದು ಕಾಲು ಮಾತ್ರ. ಹಿಂದೆ ಆರೇ ತಿಂಗಳಲ್ಲಿ ಅದರ ಮೂರರಷ್ಟು ಏರಿತ್ತು. ಎಷ್ಟು ಹನಿಯಿಂದ, ಎಷ್ಟು ಬೆಳಕಿನಿಂದ, ಎಷ್ಟು ವಯಸ್ಸಿನಿಂದ ಎಂದು ಒಬ್ಬಳ ಕಣ್ಣು ನೋಡಿ ಹೇಳಲಾಗದು. ನಾನೂ ಹೇಳುವುದಿಲ್ಲ.

ಅಲ್ಲಿಂದಾಚೆ ನಮ್ಮ ಕಾರ್ಡಿನಲ್ಲಿ ನಂಬರಿನ ಜಾಗಕ್ಕಿಂತ ಮೇಲೆ ಒಂದು ಸಾಲು ಸೇರಿಸಿದೆ: ಈ ಮಗುವಿನ ಕಣ್ಣು ಮನೆಯಲ್ಲಿ ಏನು ಕೆಲಸ ಮಾಡುತ್ತದೆ? ಅಪ್ಪ ಅಮ್ಮನಿಗಿಂತ ಮೊದಲು ಮಗುವನ್ನೇ ಕೇಳಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ನನ್ನಂಥವಳಿಗೆ ಎರಡನೆಯದೇ ಕಷ್ಟ. ಬಾಟಲಿಗೆ ಗೆರೆ ಎಳೆಯುವುದನ್ನು ಬಿಟ್ಟೆ, ಟಾರ್ಚು ಬಿಟ್ಟು ಪಾಪೆ ನೋಡುತ್ತೇನೆ.

ಈಗ ನಾನು ನಿವೃತ್ತಳು, ಆದರೂ ವಾರಕ್ಕೆ ಎರಡು ದಿನ ಹೋಗುತ್ತೇನೆ. ಕಳೆದ ತಿಂಗಳು ಲಿಖಿತಾ ಅಪ್ಪನ ಜೊತೆ ಬಂದಿದ್ದಳು. ಹನ್ನೆರಡು ವರ್ಷ, ನನ್ನ ಭುಜಕ್ಕೆ ಬಂದಿದ್ದಾಳೆ. ನಂಬರ್ ಮೈನಸ್ ಐದು. ನಾನು ಕಾರ್ಡಿನಲ್ಲಿ ಬರೆಯುವುದನ್ನು ಇಬ್ಬರೂ ನೋಡುತ್ತಿದ್ದರು. ನಾರಾಯಣಸ್ವಾಮಿ ನಾಲ್ಕು ವರ್ಷದ ಹಿಂದಿನ ಪ್ರಶ್ನೆಯನ್ನು ಬಾಯಲ್ಲಿ ಕೇಳಲಿಲ್ಲ, ಒಂದೇ ಕಣ್ಣಿನಲ್ಲಿ ಕೇಳುತ್ತಿದ್ದರು. ಈ ವಯಸ್ಸಿಗೆ ಅವರ ನಂಬರ್ ಎಷ್ಟಿತ್ತೋ ಯಾರೂ ಅಳೆದಿರಲಿಲ್ಲ. ನಿಂತಿತು ಎಂದು ಹೇಳಲು ನನಗೆ ಧೈರ್ಯವಿಲ್ಲ, ಇನ್ನೂ ಬೆಳೆಯುವ ಹುಡುಗಿ.

"ನಿಧಾನ ಆಗಿದೆ," ಎಂದೆ. "ಬಹಳ ನಿಧಾನ."

ಲಿಖಿತಾ ಲೆಕ್ಕದಲ್ಲಿ ಈಗ ಹಿಂದಿಲ್ಲ. "ಮೈನಸ್ ಐದು ಅಂದ್ರೆ ಇಪ್ಪತ್ತು ಸೆಂಟಿಮೀಟರ್ ಅಲ್ವಾ ಮೇಡಂ?" ಎನ್ನುತ್ತ ನನ್ನ ಮೇಜಿನ ಮೇಲಿದ್ದ ಸ್ಕೇಲಿನ ಮೇಲೆ ಬೆರಳು ಚಾಚಿದಳು. ಹೆಬ್ಬೆರಳಿನಿಂದ ಕಿರುಬೆರಳಿಗೆ ಹತ್ತೊಂಬತ್ತೂವರೆ. ಕೈ ಇನ್ನೊಂದಿಷ್ಟು ಎಳೆದು ಇಪ್ಪತ್ತಕ್ಕೆ ಮುಟ್ಟಿಸಿದಳು.

"ಇನ್ ಅಜ್ಜಿ ಕೈ ಬೇಡ. ನನ್ ಗೇಣೇ ಸಾಕು," ಎಂದಳು. ಆಮೇಲೆ ಸ್ಕೇಲಿನಿಂದ ಕೈ ತೆಗೆಯದೆ ನನ್ನನ್ನೇ ನೋಡಿದಳು. "ಈ ದೂರ ಇದಕ್ಕಿಂತ ಚಿಕ್ಕದಾಗೋಕೆ ಬಿಡಬೇಡಿ ಮೇಡಂ."

ಆರು ತಿಂಗಳ ನಂತರ ಇರಬೇಕಿದ್ದ ಅವಳ ಮುಂದಿನ ತಪಾಸಣೆಯ ತಾರೀಕನ್ನು ನಾನು ಮೂರು ತಿಂಗಳಿಗೇ ಹಾಕಿಕೊಟ್ಟೆ.